ಏಪ್ರನ್ ತೊಟ್ಟು ಹೇಳಿದ ಸುಳ್ಳು

ನನ್ನ ಹೆಂಡತಿ ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸುತ್ತಾಳೆ. ನಲವತ್ತು ದಾಟಿದ ಮೇಲೆ ಅವಳಿಗೆ ಪಿಎಚ್.ಡಿ. ಮಾಡುವ ಮನಸ್ಸಾಯಿತು. ವಿಷಯ, ಉಡುಪಿನ ಪ್ಯಾಟರ್ನ್ ತಯಾರಿಕೆ ಮತ್ತು ಬಳಕೆದಾರಸ್ನೇಹಿ ಗೃಹೋಪಯೋಗಿ ವಸ್ತುಗಳು. ಎರಡನ್ನೂ ಒಂದೇ ಬಟ್ಟೆಯಲ್ಲಿ ಸೇರಿಸಿ ಅಡುಗೆಮನೆಗೊಂದು ಏಪ್ರನ್ ರೂಪಿಸಲು ಹೊರಟಳು. ನಮ್ಮ ಕಡೆ ಹೆಂಗಸರು ಬಿಸಿ ಪಾತ್ರೆಯನ್ನು ಸೆರಗಿನಿಂದಲೇ ಹಿಡಿದು ಇಳಿಸುತ್ತಾರೆ, ಈಗಿನ ನುಣುಪು ಸೀರೆಗಳಿಗೆ ಬೆಂಕಿ ತಾಗಿದರೆ ಗತಿಯೇನು ಎಂಬುದು ಅವಳ ಚಿಂತೆ. ಅದಕ್ಕೆ ಏಪ್ರನ್ನಿನ ಕೆಳಗಿನ ಎರಡು ಮೂಲೆಗಳಿಗೆ ಹತ್ತಿ ತುಂಬಿದ ಹಿಡಿಕೆಗಳನ್ನು ಹೊಲಿದಳು. ಪಾತ್ರೆ ಹಿಡಿಯಲು ಬೇರೆ ಬಟ್ಟೆ ಹುಡುಕುವುದೇ ಬೇಡ, ಮೈಮೇಲೇ ಇರುತ್ತದೆ. ಎದೆಯ ಮೇಲೊಂದು ಕಿಸೆಯನ್ನೂ ಇಟ್ಟಳು.

ಬೆಟಗೇರಿಯ ನಮ್ಮ ಮನೆಯಲ್ಲಿ ಎರಡು ತಿಂಗಳು ನೆಲದ ತುಂಬ ಪ್ಯಾಟರ್ನ್ ಬಿಡಿಸಿ ಕತ್ತರಿಸುವ ಖಾಕಿ ಕಾಗದ ಹಾಸಿತ್ತು. ಊಟಕ್ಕೆ ಕೂರಬೇಕಾದರೆ ಕಾಗದದ ಎದೆಭಾಗವನ್ನು ಮಡಚಿಟ್ಟು ಕೂರಬೇಕು. ನಾನು ಹೈಸ್ಕೂಲಿನ ಗಣಿತ ಮಾಸ್ತರ. ಕಂಕುಳ ಬಾಗು ಹೇಗಿರಬೇಕೆಂದು ಒಮ್ಮೆ ಸಲಹೆ ಕೊಡಲು ಹೋಗಿ ಬೈಸಿಕೊಂಡೆ. ಮತ್ತೆ ಬಾಯಿ ಹಾಕಲಿಲ್ಲ.

ಹೊಲಿಗೆ ಮುಗಿದ ದಿನ ಅಡುಗೆಮನೆಯಿಂದ ಕರೆ ಬಂತು.

"ಮೊದಲ ನೀವು ಹಾಕ್ಕೊಂಡು ನೋಡ್ರಿ."

"ನಾ ಯಾಕ? ನನಗ ಚಹಾ ಮಾಡಾಕೂ ಬರೂದಿಲ್ಲ."

"ಅದಕ್ಕ ಹೇಳಾಕತ್ತೀನಿ. ನಿಮಗ ಬಂತಂದ್ರ ಯಾರಿಗರೆ ಬರತೈತಿ."

ಸಂಶೋಧನೆಯಲ್ಲಿ ನನ್ನ ಸ್ಥಾನ ಇದು. ಏಪ್ರನ್ ತೊಟ್ಟು, ಹಿಡಿಕೆಗಳಲ್ಲಿ ಕೈ ಇಟ್ಟು, ಸಾರಿನ ಪಾತ್ರೆ ಎತ್ತಿದೆ. ಎತ್ತುವವರೆಗೆ ಸರಿ ಇತ್ತು. ಪಕ್ಕದ ಕಟ್ಟೆಯ ಮೇಲಿಡಲು ಕೈ ಚಾಚಿದರೆ ಕೊರಳ ಪಟ್ಟಿ ತಲೆಯನ್ನು ಕೆಳಗೆ ಜಗ್ಗಿತು. ಇನ್ನಷ್ಟು ಚಾಚಿದೆ, ಇನ್ನಷ್ಟು ಬಾಗಿದೆ. ಸಾರಿಗೆ ಭಕ್ತಿಯಿಂದ ನಮಸ್ಕರಿಸುತ್ತಿರುವವನಂತೆ ಪಾತ್ರೆಯ ಹಿಂದೆಯೇ ಹೋಗಿ ಹೇಗೋ ಇಳಿಸಿದೆ. ಕನ್ನಡಕದ ತುಂಬ ಹಬೆ.

"ಹೆಂಗ ಐತಿ?" ನೋಟುಬುಕ್ಕು ಹಿಡಿದು ನಿಂತಿದ್ದಳು. ಕನ್ನಡಕ ಒರೆಸಿಕೊಂಡು ಆ ಮುಖ ನೋಡಿದೆ.

"ಭಾಳ ಚಲೋ ಐತಿ" ಎಂದೆ. ಅವಳು ಬರೆದುಕೊಂಡಳು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕೆಲವು ಮನೆಗಳಿಗೆ ಒಂದೊಂದು ಏಪ್ರನ್ ಕೊಟ್ಟು ಬಂದೆವು. ತಿಂಗಳು ಕಳೆದ ಮೇಲೆ ಪ್ರಶ್ನಾವಳಿ ಹಿಡಿದು ಮತ್ತೆ ಹೊರಟೆವು. ಬೈಕು ನಡೆಸುವುದು ನನ್ನ ಕೆಲಸ. ಲಕ್ಷ್ಮೇಶ್ವರದ ಒಬ್ಬ ಗೃಹಿಣಿ ಎಲ್ಲ ಪ್ರಶ್ನೆಗೂ "ಚಲೋ ಐತ್ರಿ, ದಿನಾ ಹಾಕ್ಕೊತೀನ್ರಿ" ಎಂದು ಅವಲಕ್ಕಿ ಕೊಟ್ಟರು. ಆದರೆ ಅವರು ಒಳಗಿನಿಂದ ತಂದ ಏಪ್ರನ್ನಿನ ಇಸ್ತ್ರಿಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಶಿರಹಟ್ಟಿಯ ಒಂದು ಮನೆಯಲ್ಲಿ ಅದನ್ನು ಮಿಕ್ಸರಿಗೆ ಹೊದಿಸಿದ್ದರು. ಮಿಕ್ಸರಿನ ಮೈಗೆ ಚೆನ್ನಾಗಿಯೇ ಒಪ್ಪಿತ್ತು. ಅಲ್ಲೂ "ಚಲೋ ಐತ್ರಿ." ನನ್ನ ಹೆಂಡತಿ 'ತೃಪ್ತಿಕರ' ಎಂದು ಬರೆಯುತ್ತಲೇ ಇದ್ದಳು, ಆದರೆ ದಾರಿಯಲ್ಲಿ ಮಾತು ಕಡಿಮೆಯಾಯಿತು.

ಕೊನೆಯದು ಮುಂಡರಗಿಯ ಒಂದು ಖಾನಾವಳಿ. ಅದನ್ನು ನಡೆಸುವ ಹೆಂಗಸು ನಮ್ಮಿಬ್ಬರಿಗಿಂತ ಹಿರಿಯರು. ಏಪ್ರನ್ ತೊಟ್ಟೇ ರೊಟ್ಟಿ ಬಡಿಯುತ್ತಿದ್ದರು. ಅರಿಸಿನ, ಎಣ್ಣೆ, ಹಿಟ್ಟು, ಎಲ್ಲದರ ಕಲೆಯೂ ಅದರ ಮೇಲಿತ್ತು. ಕೆಳಗಿನ ಎರಡು ಮೂಲೆಗಳು ಮಾತ್ರ ಇರಲಿಲ್ಲ.

"ಅವ್ವಾರ, ಹಿಡಿಕಿ ಎಲ್ಲಿ?" ಹೆಂಡತಿ ಕೇಳಿದಳು.

"ಕತ್ತರಿಸಿದೆ. ಸಿಟ್ಟ ಆಗಬ್ಯಾಡ್ರಿ ಅಕ್ಕಾರ. ಬ್ಯಾಳಿ ಬೋಗುಣಿ ಎತ್ತಿದ್ರ ಕೊಳ್ಳ ಜಗ್ಗತಿತ್ತು. ಬ್ಯಾಳಿ ಜೋಡಿ ನಾನೂ ಬೇಯತಿದ್ದೆ."

ಎರಡೂ ಹಿಡಿಕೆಗಳನ್ನು ಉದ್ದನೆಯ ಲಾಡಿಯ ಎರಡು ತುದಿಗೆ ಹೊಲಿದು ಹೆಗಲ ಮೇಲೆ ಇಳಿಬಿಟ್ಟುಕೊಂಡಿದ್ದರು. ಬೇಕಾದಾಗ ಕೈಗೆ ಬರುತ್ತವೆ, ಎಷ್ಟು ದೂರಕ್ಕಾದರೂ ಕೈ ಹೋಗುತ್ತದೆ.

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. "ನಿಮಗೂ ಕೊಳ್ಳ ಜಗ್ಗಿತ್ತೇನು?"

"ಸ್ವಲ್ಪ."

"ಮತ್ತ ಭಾಳ ಚಲೋ ಐತಿ ಅಂದ್ರಿ?"

"ಎರಡ ತಿಂಗಳ ನೆಲದ ಮ್ಯಾಲ ಕುಂತು ಬಿಡಿಸಿದ್ದಿ. ಹೆಂಗ ಹೇಳಲಿ?"

ಖಾನಾವಳಿಯವರು ನಕ್ಕರು. "ನನ್ನ ಗಿರಾಕಿಗೋಳೂ ಹಿಂಗರಿ. ಉಪ್ಪ ಮರತಿದ್ರೂ ಚಲೋ ಆಗೈತಿ ಅಂತಾರ. ನಾ ಅವರನ್ನ ಕೇಳೂದ ಬಿಟ್ಟೀನಿ. ತಾಟಿನ್ಯಾಗ ಏನ ಉಳೀತು ನೋಡತೀನಿ."

ನನ್ನ ಹೆಂಡತಿ ಪ್ರಶ್ನಾವಳಿಯನ್ನು ಚೀಲಕ್ಕೆ ಹಾಕಿದಳು. ಅಲ್ಲೇ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಅವರು ಬಿಚ್ಚಿಕೊಟ್ಟ ಏಪ್ರನ್ನನ್ನೂ ಹಿಡಿಕೆಯ ಲಾಡಿಯನ್ನೂ ಅದರ ಮೇಲಿಟ್ಟು ಗೆರೆ ಎಳೆದುಕೊಂಡಳು. ಮುಂದಿನ ವಾರ ಎಲ್ಲ ಮನೆಗಳಿಗೂ ಮತ್ತೆ ಹೋದೆವು. ಈ ಸಲ ಏನೂ ಕೇಳದೆ ಕಲೆಗಳನ್ನೂ ಮಡಿಕೆಗಳನ್ನೂ ನೋಡಿ ಬರೆದುಕೊಂಡಳು. 'ತೃಪ್ತಿಕರ' ಎಂಬ ಪದ ತೀರ ವಿರಳವಾಯಿತು. ಹೊಸ ಪ್ಯಾಟರ್ನಿನಂತೆ ಹೊಲಿದು ಮತ್ತೆ ಹಂಚಿದ ಏಪ್ರನ್ ಮಾತ್ರ ನಿಜಕ್ಕೂ ಬಳಕೆಗೆ ಬಂತು. ಪ್ರಬಂಧದಲ್ಲಿ ಆ ಬದಲಾವಣೆಯನ್ನು 'ಬಳಕೆದಾರರೊಬ್ಬರ ತಿದ್ದುಪಡಿ' ಎಂದು ಬರೆದಳು.

ಪದವಿ ಬಂದ ಮೇಲೆ ಪೇಢೆ ತೆಗೆದುಕೊಂಡು ಮುಂಡರಗಿಗೆ ಹೋಗಿ ಇದನ್ನು ತಿಳಿಸಿದೆವು.

"ಬಳಕೆದಾರರು ಅಂದ್ರ ಯಾರ್ರಿ?"

"ನೀವ ಅವ್ವಾರ."

"ನಾ ಎಲ್ಲಿ ಬಳಸೀನಿ? ಕತ್ತರಿ ಹಾಕೀನಿ. ಕುಂಡ್ರಿ, ರೊಟ್ಟಿ ಬಿಸಿ ಅದಾವು." ತಾಟು ಇಡುತ್ತ ಮತ್ತೆ ಹೇಳಿದರು, "ಆ ಕಿಸೇನೂ ಬ್ಯಾರೆ ಕಡಿ ಆಗಬೇಕಿತ್ರಿ ಅಕ್ಕಾರ. ಬಗ್ಗಿದ್ರ ಮೊಬೈಲ್ ಹಿಟ್ಟಿನ್ಯಾಗ ಬೀಳತೈತಿ."

ಡಾಕ್ಟರೇಟ್ ಪಡೆದ ನನ್ನ ಹೆಂಡತಿ ಊಟ ಬಿಟ್ಟು ಚೀಲದಿಂದ ಅಳತೆಪಟ್ಟಿ ತೆಗೆದಳು. ನಾನು ಎರಡನೇ ರೊಟ್ಟಿ ಹಾಕಿಸಿಕೊಂಡೆ.