ಹಿಂದಿನ ಸೀಟಿನ ಗೇರು

ನನ್ನ ಮೋಟರ್‌ಸೈಕಲ್ಲಿಗೆ ನಾಲ್ಕು ಗೇರುಗಳಿವೆ. ಹೋದ ವರ್ಷದಿಂದ ನಾನು ಬಳಸುತ್ತಿದ್ದದ್ದು ಎರಡನೆಯದೊಂದನ್ನೇ. ಶಹಾಪುರದ ಮನೆ ಬಿಡುವಾಗಲೂ ಎರಡು, ಬಸ್ ಸ್ಟ್ಯಾಂಡ್ ದಾಟುವಾಗಲೂ ಎರಡು, ಭೀಮರಾಯನಗುಡಿಯ ಕಚೇರಿಯ ಬೇವಿನ ಮರದ ಕೆಳಗೆ ನಿಲ್ಲಿಸುವಾಗಲೂ ಎರಡೇ. ಎಂಜಿನ್ನು ದಾರಿಯುದ್ದಕ್ಕೂ ಒದರುತ್ತಿತ್ತು. ಹೆಡ್ ಕ್ಲಾರ್ಕನಾದ ನಾನು ಬರುತ್ತಿರುವ ಸುದ್ದಿ ನನಗಿಂತ ಮೊದಲೇ ಕಚೇರಿ ತಲುಪುತ್ತಿದ್ದುದರಿಂದ, ಚಹಾ ಕುಡಿಯುತ್ತ ಕೂತವರಿಗೆಲ್ಲ ತಮ್ಮ ತಮ್ಮ ಕುರ್ಚಿಗೆ ಮರಳಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಇದು ಜಿಪುಣತನವಲ್ಲ. ಗೇರು ಬದಲಿಸುವುದು ಎಡಗಾಲಿನ ಕೆಲಸ. ನನಗೆ ಎಡಗಾಲಿಲ್ಲ, ಮೊಣಕಾಲಿನ ಕೆಳಗಿರುವುದು ರಬ್ಬರಿನದು. ಯಾರದೋ ಮದುವೆಗೆ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದೆ, ಕಿರುಬೆರಳಿಗೆ ಗುಳ್ಳೆ ಎದ್ದಿತು. ಸಕ್ಕರೆ ಕಾಯಿಲೆಯವನ ಗುಳ್ಳೆ ನಮ್ಮ ಕಚೇರಿಯ ಫೈಲಿನ ಹಾಗೆ, ಒಮ್ಮೆ ತೆರೆಯಿತೆಂದರೆ ಮುಚ್ಚುವ ಮಾತಿಲ್ಲ. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಕಾಲು. ಮದುವೆಯಾದ ಹುಡುಗ ಹುಡುಗಿ ಯಾರೆಂಬುದು ಈಗ ಸರಿಯಾಗಿ ನೆನಪಿಲ್ಲ, ಚಪ್ಪಲಿಯ ಬಣ್ಣ ಮಾತ್ರ ಚೆನ್ನಾಗಿ ನೆನಪಿದೆ.

ಆಸ್ಪತ್ರೆಯಿಂದ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಗಾಡಿ ಮಾರುವುದೆಂದು ಮನಸ್ಸಿನಲ್ಲೇ ನಿರ್ಧರಿಸಿದ್ದೆ. ನನ್ನ ಹೆಂಡತಿ ನಾಗಮ್ಮ ಭೀಮರಾಯನಗುಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ದಿನಾ ಒಟ್ಟಿಗೇ ಹೋಗುತ್ತಿದ್ದೆವು, ನಾನು ಮುಂದೆ, ಅವಳು ಹಿಂದೆ ಎಡಕ್ಕೆ ಕಾಲು ಇಳಿಬಿಟ್ಟುಕೊಂಡು. ಅವಳೇ ಒಂದು ದಿನ ಎಂದಳು: “ಗಾಡಿ ಮಾರೂದು ಬ್ಯಾಡ್ರಿ. ನನ್ನ ಎರಡೂ ಕಾಲು ಎಡಕ್ಕೇ ಇರ್ತಾವ. ಸುಮ್ನ ಜೋತಾಡಕೋತ ಬರೂ ಬದ್ಲಿ ಒಂದೀಟು ಕೆಲಸಾನರ ಮಾಡ್ಲಿ.”

ನಮ್ಮ ಓಣಿಯ ಮೆಕ್ಯಾನಿಕ್ ಮಹಿಬೂಬ ಮೊದಲು ನಕ್ಕ, ಆಮೇಲೆ ತಲೆ ಕೆರೆದುಕೊಂಡ, ಆಮೇಲೆ ವೆಲ್ಡಿಂಗ್ ಮಾಡಿಸಿದ. ಗೇರಿನ ಪೆಡಲ್ಲಿನ ಹಿಂದಿನ ತುದಿಗೆ ಒಂದು ಕಬ್ಬಿಣದ ಪಟ್ಟಿ ಸೇರಿಸಿ ಅವಳ ಪಾದದವರೆಗೂ ಎಳೆದು, ಕೊನೆಗೊಂದು ರಬ್ಬರ್ ತುಂಡು ಕಟ್ಟಿದ. ಒತ್ತಿದರೆ ಗೇರು ಏರುತ್ತದೆ, ಪಾದದ ಮೇಲ್ಭಾಗದಿಂದ ಎತ್ತಿದರೆ ಇಳಿಯುತ್ತದೆ. ನಾನು ಕ್ಲಚ್ ಹಿಡಿದು “ಹಾಕು” ಎನ್ನುವುದು, ಅವಳು ಹಾಕುವುದು. ಹೊಲಿಗೆ ಯಂತ್ರ ತುಳಿದು ಪಳಗಿದ ಕಾಲು ಅದು. ಕೆಲವೇ ದಿನಗಳಲ್ಲಿ ನಾನು ಬಾಯಿ ಬಿಡಬೇಕಾಗಲಿಲ್ಲ, ಎಂಜಿನ್ನಿನ ಸದ್ದು ಕೇಳಿಯೇ ಒತ್ತುತ್ತಿದ್ದಳು. ಜಗಳವಾದ ದಿನ ಮಾತ್ರ ಎಷ್ಟು ಸಲ “ಹಾಕು” ಎಂದರೂ ಹಾಕುತ್ತಿರಲಿಲ್ಲ. ಮೊದಲನೇ ಗೇರಿನಲ್ಲೇ ಊರಿಗೆಲ್ಲ ಕೇಳುವಂತೆ ಸಾಗಬೇಕು. ತಪ್ಪಾಯಿತೆಂದು ಒಪ್ಪಿಕೊಂಡ ಮೇಲೆ ಎರಡನೆಯದು ಬೀಳುತ್ತಿತ್ತು. ನಮ್ಮ ಸಂಸಾರದ ಸ್ಥಿತಿಗತಿಯನ್ನು ಶಹಾಪುರದ ಜನ ಗೇರಿನ ಸದ್ದಿನಿಂದಲೇ ತಿಳಿದುಕೊಳ್ಳುತ್ತಿದ್ದರು.

ಶಾಸ್ತ್ರದ ಪ್ರಕಾರವೂ ಇದು ಸರಿಯಾಗಿಯೇ ಇತ್ತು. ಅರ್ಧನಾರೀಶ್ವರನ ಎಡಭಾಗ ಪಾರ್ವತಿಯದು, ಮೋಟರ್‌ಸೈಕಲ್ಲಿನ ಗೇರೂ ಎಡಕ್ಕೇ. ಶಿವನ ಪಾಲಿಗೆ ಬ್ರೇಕು ಮತ್ತು ಆಕ್ಸಿಲರೇಟರ್ ಉಳಿಯುತ್ತವೆ. ಆತನ ಸ್ವಭಾವ ಬಲ್ಲವರಿಗೆ ಈ ಹಂಚಿಕೆಯಲ್ಲಿ ತಪ್ಪು ಕಾಣಲಾರದು. ಇದನ್ನು ನಾಗಮ್ಮನಿಗೆ ವಿವರಿಸಿದಾಗ, “ಹಂಗಾದ್ರ ಪೆಟ್ರೋಲ್ ಹಾಕ್ಸೋರು ಯಾರಂತ ಶಾಸ್ತ್ರದಾಗ ಬರ್ದಾರೇನು?” ಎಂದು ಕೇಳಿದಳು. ಅದು ಬರೆದಿರಲಿಲ್ಲ.

ಹೋದ ವರ್ಷ ಜ್ವರವೆಂದು ಮಲಗಿದವಳು ಏಳಲಿಲ್ಲ. ಕಲಬುರಗಿಗೆ ಕರೆದೊಯ್ದೆವು, ಮರಳಿ ತಂದೆವು. ಅಷ್ಟೇ. ಇದರಲ್ಲಿ ತಮಾಷೆ ಮಾಡುವಂಥದ್ದು ನನಗೆ ಇನ್ನೂ ಸಿಕ್ಕಿಲ್ಲ.

ಆಮೇಲೆ ಗೇರಿನ ಪ್ರಶ್ನೆ ಬಂತು. ನಾನು ಕಂಡುಕೊಂಡ ಉಪಾಯ ಇದು: ಗಾಡಿ ನಿಂತಿರುವಾಗಲೇ ಕ್ಲಚ್ ಹಿಡಿದು, ಬಗ್ಗಿ, ಬಲಗೈಯಿಂದ ಅವಳ ಪಟ್ಟಿಯನ್ನು ಎರಡು ಸಲ ಒತ್ತುವುದು. ಎರಡನೇ ಗೇರು ಬಿದ್ದ ಮೇಲೆ ಊರು ಮುಟ್ಟುವವರೆಗೂ ಅದೇ. ಕಚೇರಿಯ ಎದುರು ಬಗ್ಗಿ ಒತ್ತುವಾಗ, ಹೆಡ್ ಕ್ಲಾರ್ಕರು ಗಾಡಿಯ ಕಾಲಿಗೆ ಬೀಳುತ್ತಿದ್ದಾರೆಂದು ಜವಾನರು ನಗುತ್ತಿದ್ದರು. ಮಹಿಬೂಬ ಹಿಂದಿನ ಗಾಲಿಯ ಚೈನು ಓಡುವ ಹಲ್ಲಿನ ಚಕ್ರ ಬಿಚ್ಚಿ ಸಣ್ಣದೊಂದನ್ನು ಹಾಕಿದ. “ಈಗ ಎರಡನೇದ್ರಾಗೇ ಮೂರನೇದ್ರ ಸ್ಪೀಡ್ ಬರ್ತದ ಸರ್. ಆದ್ರ ಏರು ಬಂದ್ರ ದಮ್ ಕಟ್ತದ,” ಎಂದ. ಏರು ಬಂದಾಗ ದಮ್ಮು ಕಟ್ಟುವುದು ನನಗೂ ಇದ್ದದ್ದರಿಂದ ನಾನು ತಕರಾರು ಮಾಡಲಿಲ್ಲ.

ಅಷ್ಟರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿತು. ಹದಿನೈದು ತುಂಬಿದ ಗಾಡಿಯನ್ನು ಯಾದಗಿರಿಯ ಸಾರಿಗೆ ಕಚೇರಿಗೆ ಒಯ್ದು ಪಾಸು ಮಾಡಿಸಬೇಕು. ಪಾಸಾದರೆ ಇನ್ನೈದು ವರ್ಷ ಆಯುಷ್ಯ, ಇಲ್ಲವಾದರೆ ಗುಜರಿ. ಸುರಪುರದಲ್ಲಿರುವ ಮಗಳು ಫೋನ್ ಮಾಡಿದಳು.

“ಅಪ್ಪಾ, ಅದನ್ನ ಗುಜರಿಗಿ ಹಾಕ್ರಿ. ಅದನ್ನ ನೋಡಿದ್ರ ಅವ್ವ ನೆನಪಾಗ್ತಾಳ.”

“ಅದಕ್ಕೇ ಹಾಕೂದಿಲ್ಲವ್ವಾ,” ಎಂದೆ.

ಮಹಿಬೂಬನದು ಇನ್ನೊಂದು ಸಲಹೆ. ಕಂಪನಿಯವರು ಕೊಡದ ಕಬ್ಬಿಣ ಗಾಡಿಯ ಮೇಲಿದ್ದರೆ ಪಾಸು ಮಾಡುವುದಿಲ್ಲ, ಪಟ್ಟಿಯನ್ನು ಗರಗಸ ಹಚ್ಚಿ ಕೊಯ್ದುಬಿಡೋಣ ಎಂದ. ಅವನ ಮಾತು ಸರಿಯಾಗಿತ್ತು. ನಾನು ಬೇಡವೆಂದೆ. ಮನುಷ್ಯರ ಕಾಲು ಕೊಯ್ದದ್ದನ್ನು ಕಂಡಿದ್ದೇನೆ, ಒಂದು ಮನೆಗೆ ಅದು ಒಂದು ಸಲ ಸಾಕು. ಗಾಡಿ ಉಳಿಯಬೇಕು, ಪಟ್ಟಿಯೂ ಉಳಿಯಬೇಕು. ಅದಕ್ಕಿಂತ ಕಡಿಮೆಗೆ ನಾನು ಒಪ್ಪುವವನಿರಲಿಲ್ಲ.

ಯಾದಗಿರಿಯವರೆಗೂ ಎರಡನೇ ಗೇರಿನಲ್ಲೇ ಹೋದೆ. ಮಹಿಬೂಬ ಬಸ್ಸಿನಲ್ಲಿ ಬಂದು, ನಾನು ಮುಟ್ಟುವ ಹೊತ್ತಿಗೆ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡಿದ್ದ. ಗಾಡಿಗಳನ್ನು ಪರೀಕ್ಷಿಸುವ ಮೈದಾನದ ಹೊರಗೆ ಒಬ್ಬ ಕನ್ನಡಿಗಳ ಸರವನ್ನೇ ತೂಗುಹಾಕಿ ಕೂತಿದ್ದ. ನಮ್ಮ ಕಡೆಯ ಗಾಡಿಗಳಿಗೆ ಕನ್ನಡಿ ಇರುವುದಿಲ್ಲ, ಹಿಂದಿನವರ ಚಿಂತೆ ಹಿಂದಿನವರಿಗೆ ಎಂಬುದು ನಮ್ಮ ಧೋರಣೆ. ಆದರೆ ಪರೀಕ್ಷೆಗೆ ಕನ್ನಡಿ ಬೇಕು. ಆದ್ದರಿಂದ ಅವನ ಹತ್ತಿರ ಎರವಲು ಪಡೆದು, ತಿರುಪಿ ಸಿಕ್ಕಿಸಿ, ಒಳಗೆ ಹೋಗಿ ಪಾಸಾಗಿ, ಹೊರಗೆ ಬಂದು ಬಿಚ್ಚಿಕೊಟ್ಟು ಹೋಗುವುದು ರೂಢಿ. ಮದುವೆಗೆ ಸರ ಎರವಲು ತರುವುದಿಲ್ಲವೇ, ಹಾಗೆ. ನಾವೂ ಎರಡು ಪಡೆದೆವು.

ಹಿಂದೆ ಸಂತೆಯಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಸುರಪುರದ ದೊರೆಗಳ ಕಾಲದಲ್ಲಿ ಕುದುರೆಗೆ ಹಲ್ಲಿನ ಜೊತೆಗೆ ಸುಳಿಯನ್ನೂ ನೋಡುತ್ತಿದ್ದರಂತೆ. ಎಲ್ಲೋ ಒಂದು ಸುಳಿ ತಪ್ಪು ಜಾಗದಲ್ಲಿದ್ದರೆ ಎಂಥ ಕುದುರೆಯಾದರೂ ಬೇಡ. ನನ್ನ ಗಾಡಿಯ ಸುಳಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಸರದಿಯಲ್ಲಿ ನಿಂತಷ್ಟು ಹೊತ್ತೂ ರಬ್ಬರ್ ಕಾಲನ್ನು ಅದಕ್ಕೆ ಅಡ್ಡ ಹಿಡಿದಿದ್ದೆ.

ಪರೀಕ್ಷೆ ಮಾಡುವವರು ನಡುವಯಸ್ಸಿನ ಹೆಣ್ಣುಮಗಳು. ಚಾಸಿ ನಂಬರು, ದೀಪ, ಹಾರ್ನು, ಬ್ರೇಕು ಎಲ್ಲ ನೋಡಿದರು. ಆಮೇಲೆ ಎಡಕ್ಕೆ ಬಂದು ನಿಂತರು.

“ಯಜಮಾನ್ರ, ಕಾಲು ಸರಸ್ರಿ. ಇದೇನಿದು, ಹಿಂದ ಗೇರು?”

ನಾನು ಬಾಯಿ ತೆರೆಯುವ ಮೊದಲೇ ಅವರು ಸೀಟು ನೋಡಿದರು, ಪಟ್ಟಿ ನೋಡಿದರು, ನನ್ನ ಕಾಲು ನೋಡಿದರು. “ಹೆಣ್ಮಕ್ಳು ಕುಂದ್ರೂ ಕಡಿ ಅದಲ್ಲ ಇದು. ಮನಿಯವ್ರು ಹಾಕ್ತಾರೇನು?”

“ಹಾಕ್ತಿದ್ಳ್ರಿ ಮೇಡಂ.”

ಅವರು ಬಗ್ಗಿ, ನಡುವೆ ಸವೆದು ನುಣುಪಾಗಿದ್ದ ರಬ್ಬರನ್ನು ಬೆರಳಿನಿಂದ ಮುಟ್ಟಿದರು. ಚೀಲದಲ್ಲಿ ಗರಗಸ ಇಟ್ಟುಕೊಂಡು ಬಂದಿದ್ದ ಮಹಿಬೂಬ ಚೀಲದ ಬಾಯಿ ಸಡಿಲಿಸಿದ.

“ಫುಟ್‌ರೆಸ್ಟ್ ದಾಟಿ ಹೊರಗ ಚಾಚಿಲ್ಲ. ಯಾರಿಗೂ ಬಡಿಯಂಗಿಲ್ಲ. ಇರ್ಲಿ,” ಎಂದರು. “ಒಂದು ರೌಂಡ್ ಹೊಡ್ದು ತೋರಸ್ರಿ.”

ಬಗ್ಗಿ ಕೈಯಿಂದ ಒತ್ತಿದೆ. ಎಂಜಿನ್ನು ಒದರಿತು, ಒಂದು ಸುತ್ತು ಬಂದೆ. ಅವರು ಇದ್ದಕ್ಕಿದ್ದಂತೆ ಕೈ ಅಡ್ಡ ಮಾಡಿ “ನಿಲ್ಲಸ್ರಿ” ಎಂದರು. ಬಲಗಾಲು ಬ್ರೇಕಿನ ಮೇಲಿತ್ತು. ಎಡಗಾಲು ಊರಿದೆ. ನೆಲ ಎಲ್ಲಿದೆ ಎಂಬುದು ರಬ್ಬರಿಗೆ ತಿಳಿಯುವುದಿಲ್ಲ. ಗಾಡಿ ವಾಲಿತು, ಜೊತೆಗೆ ನಾನೂ ವಾಲಿದೆ. ಮಹಿಬೂಬ ಓಡಿಬಂದು ಇಬ್ಬರನ್ನೂ ಹಿಡಿದ. ಎರವಲು ಕನ್ನಡಿ ಅವನ ಎದೆಗೆ ಬಡಿದು ಆಕಾಶದ ಕಡೆ ತಿರುಗಿತು.

ಅವರು ಗಾಡಿಯ ಕಾಗದಕ್ಕೆ ಸಹಿ ಹಾಕಿದರು.

“ಗಾಡಿ ಪಾಸ್ ಆಗ್ಯಾದ,” ಎಂದರು ಕೊನೆಗೆ. “ನೀವು ಆಗಿಲ್ಲ.”

“ಮೇಡಂ, ನಾನು ದಿನಾ—”

“ದಿನಾ ಬಂದೀರಿ, ಖರೇ. ಒಂದಿನ ಯಾರರ ಅಡ್ಡ ಬರ್ತಾರ. ಗೇರಿಲ್ಲದ ಮೂರು ಗಾಲಿ ಸ್ಕೂಟರ್ ಸಿಗ್ತಾವ, ತಗೋರಿ. ಇದನ್ನ ಮಾತ್ರ ಇನ್ನ ಓಡಿಸಬ್ಯಾಡ್ರಿ. ಕೀಲಿ ಅವ್ರ ಕೈಯಾಗ ಕೊಡ್ರಿ.”

ಗಾಡಿಗೆ ಐದು ವರ್ಷ ಸಿಕ್ಕಿತು. ನನ್ನ ಡಾಕ್ಟರು ನನಗೆ ಪಾಸು ಕೊಡುವುದು ಮೂರು ಮೂರು ತಿಂಗಳಿಗೆ, ಅದೂ ಮುಖ ಗಂಟಿಕ್ಕಿಕೊಂಡು. ಬಯಸಿದ್ದೆಲ್ಲ ಸಿಕ್ಕಿ ಇಷ್ಟು ದುಃಖವಾದದ್ದು ನನ್ನ ಜನ್ಮದಲ್ಲೇ ಮೊದಲು.

ಕೀಲಿ ಮಹಿಬೂಬನಿಗೆ ಕೊಟ್ಟೆ. ಕನ್ನಡಿಗಳನ್ನು ಹಿಂದಿರುಗಿಸಿದೆವು. ಅವನು ಮುಂದೆ ಕೂತ. ಹಿಂದಿನ ಸೀಟು ಎತ್ತರ, ರಬ್ಬರ್ ಕಾಲ ಮೇಲೆ ನಿಂತು ಬಲಗಾಲು ಆಚೆ ದಾಟಿಸಲಾಗಲಿಲ್ಲ. ಹಾಗಾಗಿ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂತೆ. ಬಲಗಾಲು, ಅಂದರೆ ನನ್ನದೇ ಆದ ಕಾಲು, ಹೋಗಿ ಪಟ್ಟಿಯ ಮೇಲೆ ಕೂತಿತು. ಮಹಿಬೂಬ ಮುಂದಿನಿಂದ ತನ್ನ ಹಿಮ್ಮಡಿಯಲ್ಲಿ ಗೇರು ಹಾಕಿದಾಗಲೆಲ್ಲ ಅದು ನನ್ನ ಪಾದದ ಕೆಳಗೆ ತಾನಾಗಿಯೇ ಇಳಿಯುತ್ತಿತ್ತು. ಎರಡು ದಾಟಿ ಮೂರು ಬಿತ್ತು, ನಾಲ್ಕು ಬಿತ್ತು. ಎಂಜಿನ್ನು ಸುಮ್ಮನಾಯಿತು. ಅದರ ಆ ಮೆಲುದನಿಯನ್ನು ಒಂದು ವರ್ಷದಿಂದ ಕೇಳಿರಲಿಲ್ಲ, ಅಳು ಬಂತು.

ಎಷ್ಟು ವರ್ಷ ಓಡಾಡಿದ ಗಾಡಿ, ಈ ಸೀಟಿನ ಮೇಲೆ ಕೂತದ್ದು ಇದೇ ಮೊದಲು. ಇಲ್ಲಿಂದ ದಾರಿ ಕಾಣುವುದಿಲ್ಲ. ಎದುರಿಗೆ ಬರುವ ಲಾರಿ, ಗುಂಡಿ, ತಿರುವು ಯಾವುದೂ ಕಾಣುವುದಿಲ್ಲ. ಬಲಕ್ಕೆ ಕತ್ತು ತಿರುಗಿಸಿದರೆ ಒಂದು ಬೆನ್ನು. ಮುಖದ ಮುಂದೆ ತೊಗರಿ ಹೊಲ, ಹತ್ತಿ ಹೊಲ, ಅವೂ ದಾಟಿ ಹೋಗುತ್ತಿರುವಾಗಷ್ಟೇ. ಭೀಮಾ ಸೇತುವೆ ಬಂತೆಂಬುದು ನನಗೆ ತಿಳಿದದ್ದು ಗಾಳಿ ತಣ್ಣಗಾದಾಗ. ನಾನು ಸೀಟಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಏನ್ ಸರ್, ಅಂಜಿಕಿ ಬರ್ಲಕತ್ತದೇನು?” ಎಂದ ಮಹಿಬೂಬ.

“ಮುಂದ ಏನೂ ಕಾಣವಲ್ದಪಾ.”

“ನಿಮಗ್ಯಾಕ ಕಾಣ್ಬೇಕ್ರಿ? ನಾ ನೋಡ್ಲಕತ್ತೀನಲ್ಲ.”

ನಾಗಮ್ಮನಿಗೆ ಈ ಮಾತನ್ನು ನಾನು ಹೇಳಿದ ನೆನಪಿಲ್ಲ. ಮುಂದೆ ಏನೂ ಕಾಣುವುದಿಲ್ಲವೆಂದು ಅವಳು ಹೇಳಿದ ನೆನಪೂ ಇಲ್ಲ.