ಉದ್ದದವರಿಗೆ ಮೊದಲ ಸೌಟು

"ಟೀಚರೇ, ಬೆಳಿಗ್ಗೆ ನೀವೇ ಕಲಿಸಿದ್ದಲ್ವಾ? ಇವತ್ತು ಉದ್ದದವರು ಮೊದಲು!"

ಬಂದ್ಯೋಡಿನ ನಮ್ಮ ಶಾಲೆಯಲ್ಲಿ ಓಣಂ ಪಾಯಸ ಬಡಿಸಲು ನಾನು ಸೌಟು ಎತ್ತಿದ್ದೆನಷ್ಟೆ. ಸಾಲಿನ ಕೊನೆಯಿಂದ ಕೂಗಿದವಳು ಪ್ಲಸ್ ಟು ತರಗತಿಯ ಅತಿ ಎತ್ತರದ ಹುಡುಗಿ ರಂಸೀನಾ. ನಮ್ಮಲ್ಲಿ ಯಾವ ಸಾಲಾದರೂ ಗಿಡ್ಡದವರೇ ಮುಂದೆ, ಅವಳು ಯಾವಾಗಲೂ ಕೊನೆ. ಬೆಳಿಗ್ಗೆ ಕಂಪ್ಯೂಟರ್ ಪಾಠದಲ್ಲಿ ಈ ತರಗತಿಯವರನ್ನೇ ಜೋಡಿಸಬೇಕಾದ ವಸ್ತುಗಳು, ಅಂದರೆ ಆಬ್ಜೆಕ್ಟ್‌ಗಳೆಂದು ಇಟ್ಟುಕೊಂಡು, ಎತ್ತರದ ಪ್ರಕಾರ ಜೋಡಿಸುವ ಪ್ರೋಗ್ರಾಂ ಬರೆಸಿದ್ದೆ. 'ಯಾರು ಗಿಡ್ಡ' ಎಂಬ ಹೋಲಿಕೆಯನ್ನು 'ಯಾರು ಉದ್ದ' ಎಂದು ತಿರುವಿಹಾಕಿದರೆ ಸಾಕು, ಇಡೀ ಕ್ರಮ ಉಲ್ಟಾ ಆಗುತ್ತದೆ ಎಂದಾಗ ತರಗತಿ ಆಕಳಿಸಿತ್ತು.

ನಗು ತಡೆಯಲಾಗದೆ ಬಕೆಟ್ ಎತ್ತಿಕೊಂಡು ಆ ತುದಿಗೆ ನಡೆದೆ. ಮೊದಲ ಗುಟುಕು ಕುಡಿದು ಅವಳು ಕಣ್ಣರಳಿಸಿದಳು.

"ಪಾಯಸ ಇಷ್ಟು ಬಿಸಿ ಇರ್ತದಾ ಟೀಚರೇ?"

ಆ ಪಾಠವನ್ನು ಈಗ ಪ್ರತಿ ವರ್ಷ ಪಾಯಸದ ದಿನವೇ ಮಾಡುತ್ತೇನೆ. ಯಾರೂ ಆಕಳಿಸುವುದಿಲ್ಲ.