ಹಾಲಮ್ಮನವರ ಸೂಜಿ

ನನ್ನ ಯಜಮಾನರ ಅಕ್ಕ ಹಾಲಮ್ಮನವರು ನನ್ನ ಮೊಮ್ಮಗನ ನಾಮಕರಣದ ದಿನ ಕೂಸಿನ ತೊಟ್ಟಿಲಿಗೆ ಸೂಜಿ ಹಾಕಿದರು ಎಂಬ ಮಾತು ಬೇಲೂರಿನಲ್ಲಿ ಹುಟ್ಟಿ, ಹಗರೆಯ ನೆಂಟರ ಮನೆಗಳನ್ನು ಹಾದು, ಅರಸೀಕೆರೆಯ ನಮ್ಮ ಬೀದಿಯವರೆಗೂ ಬಂದಿದೆ. ಇದು ಸುಳ್ಳು. ಹಾಲಮ್ಮನವರು ತೀರಿಕೊಂಡರೂ ಈ ಸುಳ್ಳು ತೀರಿಕೊಂಡಿಲ್ಲ. ಅವರ ಶಿವಗಣಾರಾಧನೆಯ ಪಂಕ್ತಿಯಲ್ಲಿಯೇ, ಎಲೆಗೆ ಪಾಯಸ ಬಡಿಸಿಕೊಳ್ಳುತ್ತ ಒಬ್ಬಾಕೆ, "ಪಾಪ, ವಯಸ್ಸಾಗಿತ್ತು. ಕೂಸಿನ ತೊಟ್ಲಿಗೆ ಸೂಜಿ ಇಟ್ಟಿದ್ರಂತಲ್ಲ" ಎಂದು ಪಕ್ಕದವರಿಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಕೆ ಯಾರು, ಯಾವ ಸೀರೆ ಉಟ್ಟಿದ್ದಳು ಎಂಬುದೂ ನನಗೆ ನೆನಪಿದೆ. ಆದ್ದರಿಂದ ಹಾಲಮ್ಮನವರು ಎಂಥವರು, ಆ ಸೂಜಿ ಎಲ್ಲಿತ್ತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಅವರ ರವಿಕೆಯ ಎಡಭುಜದಲ್ಲಿ ಸದಾ ಒಂದು ಸೂಜಿ ಇರುತ್ತಿತ್ತು. ಅದರ ಕಣ್ಣಿನಿಂದ ಕೆಂಪು ದಾರವೊಂದು ಇಳಿಬಿದ್ದು, ಅವರು ನಡೆದಂತೆಲ್ಲ ಬೆನ್ನ ಮೇಲೆ ಓಲಾಡುತ್ತಿತ್ತು. ಹಳೇಬೀಡಿನ ಅವರ ಮನೆಯಲ್ಲಿ, ಹೊಲದಲ್ಲಿ, ಮದುವೆ ಮನೆಯಲ್ಲಿ, ಎಲ್ಲೆಲ್ಲೂ ಅದು ಅಲ್ಲಿಯೇ. ಒಂದು ಸಂದರ್ಭದಲ್ಲಿ ಮಾತ್ರ ಅದು ಭುಜ ಬಿಟ್ಟು ಇಳಿಯುತ್ತಿತ್ತು. ಎಳೆಗೂಸನ್ನು ಎತ್ತಿಕೊಳ್ಳುವ ಮೊದಲು ಅವರು ಸೂಜಿಯನ್ನು ತೆಗೆದು ಬಾಗಿಲಿನ ಮರದ ಚೌಕಟ್ಟಿಗೆ ಚುಚ್ಚಿ, ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡು, ಆಮೇಲೆಯೇ ಕೈ ಚಾಚುತ್ತಿದ್ದರು. ಅರಸೀಕೆರೆಯ ನಮ್ಮ ನಡುಮನೆಯ ಚೌಕಟ್ಟಿನ ಬಲಗಡೆ, ಹೆಂಗಸಿನ ಕೈಗೆ ಎಟುಕುವ ಎತ್ತರದಲ್ಲಿ, ಮರಕ್ಕೆ ಹುಳು ಹಿಡಿದಂತೆ ಸಣ್ಣ ಸಣ್ಣ ತೂತುಗಳಿವೆ. ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳನ್ನು ಅವರು ಎತ್ತಿಕೊಂಡ ಗುರುತುಗಳು ಅವು. ಅನುಮಾನವಿದ್ದವರು ಬಂದು ಬೆರಳಿಟ್ಟು ನೋಡಬಹುದು.

ಒಂದು ಕಡೆ ಕೂತದ್ದೆಂಬುದು ಅವರ ಜನ್ಮದಲ್ಲಿಯೇ ಇಲ್ಲ. ಹಳೇಬೀಡಿನಿಂದ ಬಸ್ಸಿನಲ್ಲಿ ಬರುವಾಗ ಸೀಟು ಖಾಲಿ ಇದ್ದರೂ ಡ್ರೈವರಿನ ಹಿಂದೆ ಕಂಬ ಹಿಡಿದು ನಿಂತೇ ಬರುವರು. ಕೇಳಿದರೆ, "ನಾವು ಕೂತ್ಕಂಡ್ರೆ ಅವನೂ ನಿಧಾನ ಮಾಡ್ತನೆ ಕಣೇ" ಎನ್ನುವರು. ಮನೆಗೆ ಬಂದವರು ನೀರು ಕುಡಿಯುವ ಮೊದಲು ನನ್ನ ಬೀರು ತೆಗೆದು ಸೀರೆಗಳನ್ನು ಹಿಸುಕಿ ನೋಡುವರು. ಯಾವುದು ಉಟ್ಟು ಉಟ್ಟು ಮೆತ್ತಗಾಗಿದೆ, ಯಾವುದು ಇನ್ನೂ ಬಿರುಸಾಗಿದೆ ಎಂಬ ಲೆಕ್ಕ ಅವರದು. ಏಕೆಂದರೆ ನಮ್ಮ ವಂಶದಲ್ಲಿ ಯಾವ ಕೂಸು ಹುಟ್ಟಿದರೂ ತೊಟ್ಟಿಲಿಗೆ ಹಾಸುವ ಕೌದಿ ಹಾಲಮ್ಮನವರದೇ ಆಗಬೇಕು. ಅವರಿಗೆ ಮಕ್ಕಳಾಗಲಿಲ್ಲ. ಅದನ್ನು ಯಾರಾದರೂ ಮರುಕದಿಂದ ಎತ್ತಿದರೆ ಅವರ ಬಾಯಿ ಸೂಜಿಗಿಂತ ಚೂಪಾಗುತ್ತಿತ್ತು.

ಕೌದಿಗೆ ಬೇಕಾದದ್ದು ಕೂಸಿನ ತಂದೆ, ತಾಯಿ ಎರಡೂ ಮನೆಯವರು ಉಟ್ಟು ಬಿಟ್ಟ ಹತ್ತಿಬಟ್ಟೆ. ಅದನ್ನು ಕತ್ತರಿಸುವಂತಿರಲಿಲ್ಲ, ಕೈಯಿಂದಲೇ ಹರಿಯಬೇಕು. ನನ್ನ ಮಗ ಪ್ರಕಾಶ ಹುಟ್ಟಿದಾಗ, ನಾನು ತವರಿನಿಂದ ಹಿಂದಿರುಗುವಷ್ಟರಲ್ಲಿ, ನನ್ನ ಅಣ್ಣ ಸೀಮಂತಕ್ಕೆ ಕೊಟ್ಟಿದ್ದ ಗಿಳಿಹಸಿರು ಸೀರೆಯ ಸೆರಗನ್ನು ಹಾಲಮ್ಮನವರು ಹರಿದಿದ್ದರು. ನಾನು ಕೂಗಾಡಿದೆ. ಅವರು ತಲೆ ಎತ್ತಲಿಲ್ಲ.

"ಮಡಚಿ ಇಡೋಕೇನೇ ಸೀರೆ ಇರೋದು? ನಿನ್ ಮಗ ನಿನ್ ವಾಸ್ನೆ ಮೇಲೆ ಮಲಗ್ಲಿ ಬಿಡು."

ಸಾಲದೆಂಬಂತೆ, ಆ ಹಸಿರು ಚೂರಿನ ಪಕ್ಕಕ್ಕೇ ನಮ್ಮ ಅತ್ತೆಯವರ ಕಂದುಬಣ್ಣದ ಸೀರೆಯ ಚೂರನ್ನು ತಂದು ಹೊಲಿದಿದ್ದರು. ಬಾಣಂತಿಯ ತುಪ್ಪದ ವಿಷಯಕ್ಕೆ ಆಗ ನನಗೂ ಅತ್ತೆಯವರಿಗೂ ಮಾತು ಬಿಟ್ಟಿತ್ತು. ಏಕೆ ಹೀಗೆ ಮಾಡಿದಿರಿ ಎಂದು ಕೇಳಿದ್ದಕ್ಕೆ ಹಾಲಮ್ಮನವರು ಹಲ್ಲಿನಿಂದ ದಾರ ಕಡಿಯುತ್ತ ಹೇಳಿದರು: "ಅತ್ತೆ ಸೊಸೆ ಮಾತಾಡಲ್ವಂತಲ್ಲ, ಇಲ್ಲಾದ್ರೂ ಅಂಟ್ಕಂಡಿರ್ರಿ. ಕೂಸು ಇಬ್ರ ಮೇಲೂ ಉಚ್ಚೆ ಹುಯ್ತದೆ, ಸಮ ಆಯ್ತದೆ."

ಆ ಸೀರೆಗಾಗಿ ನಾನು ಅವರೊಡನೆ ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗೆ ಮಾತಾಡಲಿಲ್ಲ. ಅದನ್ನು ನಾನು ಈಗಲೂ ಕ್ಷಮಿಸಿಲ್ಲ. ಆದರೆ ಅದು ನನ್ನ ಮತ್ತು ಅವರ ನಡುವಿನ ವ್ಯಾಜ್ಯ. ಅದರ ಬಲದ ಮೇಲೆ ಬೇರೆ ಯಾರೂ ಅವರತ್ತ ಬೆರಳು ತೋರಿಸುವಂತಿಲ್ಲ.

ಕೌದಿಯ ಕೊನೆಯ ಮೂಲೆ ಬಾಣಂತಿಯ ತವರಿನವರ ಚೂರಿಗೆ ಮೀಸಲು. ಆ ಚೂರನ್ನು ಹಾಲಮ್ಮನವರು ಹೊಲಿಯುತ್ತಿರಲಿಲ್ಲ. ತೊಟ್ಟಿಲ ದಿನ ದಾರ ಪೋಣಿಸಿದ ಸೂಜಿಯನ್ನು ಬಾಣಂತಿಯ ಕೈಗೆ ಕೊಟ್ಟು, ಅವಳಿಂದಲೇ ಆ ಮೂಲೆಯನ್ನು ಹೊಲಿಸಿ, ಸೂಜಿಯನ್ನು ಹಿಂದಕ್ಕೆ ಪಡೆದು ಚೌಕಟ್ಟಿಗೆ ಚುಚ್ಚಿದ ಮೇಲೆಯೇ ಕೌದಿಯನ್ನು ತೊಟ್ಟಿಲಿಗೆ ಹಾಸುವುದು. ನಾನೂ ಹಾಗೆಯೇ ಹೊಲಿದವಳು. ನನ್ನ ಸೊಟ್ಟ ಹೊಲಿಗೆಯನ್ನು ನೋಡಿ, "ಎತ್ತು ಉಚ್ಚೆ ಹುಯ್ದಂಗೆ ಹೋಗೈತಲ್ಲೇ ಕಮಲಿ" ಎಂದು ಎಲ್ಲರೆದುರು ನಕ್ಕರು, ಅದೂ ನೆನಪಿದೆ. ಇಷ್ಟು ಹೊಲಿದವರು ಅದೊಂದನ್ನೇಕೆ ಬಿಡುತ್ತೀರಿ ಎಂದು ನಾನೊಮ್ಮೆ ಕೆಣಕಿದೆ. ಅಂದು ಮಾತ್ರ ಅವರು ನಗಲಿಲ್ಲ.

"ಎಲ್ಲಾ ನಾನೇ ಹೊಲ್ದ್ಬಿಟ್ರೆ ಕೂಸು ನಂದು ಅನ್ನಿಸಿಬಿಡ್ತದೆ ಕಣೇ. ಅದ್ಕೇ ಒಂದು ಮೂಲೆ ಬಿಡ್ತೀನಿ."

ಕಳೆದ ವರ್ಷ ಪ್ರಕಾಶನ ಹೆಂಡತಿ ರಶ್ಮಿಗೆ ಬೇಲೂರಿನ ತವರಿನಲ್ಲಿ ಹೆರಿಗೆಯಾಯಿತು. ಕೂಸು ಭೂಮಿಗೆ ಬಿದ್ದು ಅಳುವವರೆಗೆ ಹಾಲಮ್ಮನವರು ಬಟ್ಟೆ ಮುಟ್ಟುವವರಲ್ಲ. ಅತ್ತಿತೆಂದು ಯಾರೋ ಹೇಳಿದರೆ ಸಾಲದು, ಅವರೇ ಕೇಳಬೇಕು. ಆಸ್ಪತ್ರೆಯಿಂದ ಪ್ರಕಾಶ ಫೋನು ಮಾಡಿ ಸ್ಪೀಕರಿಗೆ ಹಾಕಿದ. ನಾನು ಪಕ್ಕದಲ್ಲಿದ್ದೆ.

"ಗಂಡುಮಗು ಅತ್ತೆ!"

"ಅಳಿಸು ಕಣ್ಲಾ, ಕೇಳ್ತೀನಿ."

ಕೂಸು ಗಾಢ ನಿದ್ದೆಯಲ್ಲಿತ್ತು. ಪ್ರಕಾಶ ನನಗೆ ಕಣ್ಣು ಮಿಟುಕಿಸಿ, ನನ್ನ ಮೊಬೈಲಿನಲ್ಲಿ ಯಾವುದೋ ಮಗು ಅಳುವ ವಿಡಿಯೋ ಹುಡುಕಿ ಫೋನಿನ ಹತ್ತಿರ ಹಿಡಿದ. ಹಾಲಮ್ಮನವರು ಅದನ್ನು ಪೂರ್ತಿ ಕೇಳಿಸಿಕೊಂಡರು.

"ಇದಕ್ಕೆ ಹಲ್ಲು ಬಂದೈತೆ ಕಣ್ಲಾ. ಯಾರ ಮನೇದು ಇದು? ನಿಂದೆಲ್ಲಿ?"

ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ಅಷ್ಟರಲ್ಲಿ ಎಚ್ಚರಗೊಂಡ ನಮ್ಮ ಕೂಸು ನಿಜವಾಗಿಯೇ ಅತ್ತಿತು. "ಹ್ಞಾ, ಇದು ನಮ್ದು" ಎಂದು ಹಾಲಮ್ಮನವರು ಫೋನು ಇಟ್ಟರು. ಅವರು ತೊಡೆಯ ಮೇಲೆ ಮಲಗಿಸಿಕೊಂಡು ಸಾಕಿದ ಮಗ ಪ್ರಕಾಶ. ಅವರಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ಅವನಿಂದ ಆಗದು ಎಂದು ನಾನು ಅಂದು ನಂಬಿದ್ದೆ.

ವಾರ ಕಳೆಯುವಷ್ಟರಲ್ಲಿ ಹಾಲಮ್ಮನವರು ಬೇಲೂರಿಗೆ ಬಂದು ನಮ್ಮ ಬೀಗಿತ್ತಿ, ರಶ್ಮಿಯ ತಾಯಿ ಲಲಿತಮ್ಮನವರನ್ನು ತವರಿನ ಚೂರು ಕೇಳಿದರು. ಲಲಿತಮ್ಮನವರು ಒಳಹೋಗಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಹೊಸ ರವಿಕೆ ಕಣ ತಂದು, ಅರಿಶಿನ ಕುಂಕುಮದ ತಟ್ಟೆಯಲ್ಲಿಟ್ಟು ಕೊಟ್ಟರು. ಹಾಲಮ್ಮನವರು ಮೂಸಿ ನೋಡಿದರು.

"ಅಂಗಡಿ ವಾಸ್ನೆ ಹೊಡೀತದಲ್ಲ ತಾಯಿ. ನೀವು ಉಟ್ಟು ಬಿಟ್ಟಿದ್ದು ಒಂದು ಚೂರು ಕೊಡ್ರಿ."

"ಹಳೇ ಬಟ್ಟೆ ಕೊಡೋಷ್ಟು ಗತಿಗೆಟ್ಟಿಲ್ಲ ಹಾಲಮ್ಮನೋರೆ ನಾವು."

"ಗತಿ ಮಾತಲ್ಲ ತಾಯಿ. ಹೊಸಾದಕ್ಕೆ ಮೈ ಗೊತ್ತಿರಲ್ಲ, ಕೂಸಿಗೆ ಚುಚ್ತದೆ. ಇರ್ಲಿ, ಆ ಮೂಲೆ ಹಂಗೇ ಬಿಟ್ಟಿರ್ತೀನಿ. ತೊಟ್ಲ ದಿನ ಮನಸ್ಸು ಬಂದ್ರೆ ಕೊಡ್ರಿ."

ಇದಕ್ಕಿಂತ ವಿನಯವಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನೊಡನೆಯಂತೂ ಆಡಿಲ್ಲ.

ನಾಮಕರಣ ಬೇಲೂರಿನ ಒಂದು ಹೊಸ ಕಲ್ಯಾಣ ಮಂಟಪದಲ್ಲಿ ನಡೆಯಿತು. ಗಾಜಿನ ಬಾಗಿಲು, ಸ್ಟೀಲಿನ ಕಂಬ, ಕನ್ನಡಿಯಂಥ ನೆಲ. ವೇದಿಕೆಯ ತುಂಬ ಬಿಳಿ ಮತ್ತು ತಿಳಿನೀಲಿ ಬಲೂನುಗಳು. ತೊಟ್ಟಿಲೂ ಬಿಳಿ, ಒಳಗಿನ ಸ್ಪಂಜಿನ ಹಾಸಿಗೆ ತಿಳಿನೀಲಿ. ಹಾಲಮ್ಮನವರು ಒಂದು ಕೈಯಲ್ಲಿ ಕೌದಿಯ ಚೀಲ, ಇನ್ನೊಂದು ಕೈಯಲ್ಲಿ ಸೂಜಿ ಹಿಡಿದು ಮಂಟಪವನ್ನೆಲ್ಲ ಸುತ್ತಿದರು. ಗೋಡೆ ತಡವಿದರು, ಬಾಗಿಲು ತಡವಿದರು.

"ಏನು ಹುಡುಕ್ತಿದ್ದೀರಿ ಅತ್ತಿಗೆ?" ಎಂದೆ.

"ಮರ ಕಣೇ. ಇಷ್ಟು ದೊಡ್ಡ ಛತ್ರದಾಗೆ ಒಂದು ಸೂಜಿ ಚುಚ್ಚೋಷ್ಟು ಮರ ಇಲ್ವಲ್ಲೇ!"

ಕೊನೆಗೆ ಬೇರೆ ದಾರಿ ಕಾಣದೆ, ಸೂಜಿಯನ್ನು ಕೌದಿಯ ತೆರೆದ ಮೂಲೆಗೆ ಚುಚ್ಚಿ, ಕೆಂಪು ದಾರ ಎದ್ದು ಕಾಣುವಂತೆ ಮೇಲೆ ಬಿಟ್ಟು, ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕುಳಿತರು. ಕೂಸಿನ ಹತ್ತಿರ ಹೋಗಲಿಲ್ಲ. ಸೂಜಿ ಕೈಯಲ್ಲಿದ್ದಾಗ ಅವರು ಹೋಗುವವರೇ ಅಲ್ಲ. ರಶ್ಮಿ ಬಂದು ಹೊಲಿಯಲೆಂದು ಕಾದರು. ಕುಳಿತಲ್ಲಿಯೇ ಅವರ ಪಾದಗಳು ನೆಲವನ್ನು ಕುಟ್ಟುತ್ತಿದ್ದವು.

ಪ್ರಕಾಶ ಒಂದು ಕಿವಿಗೆ ಫೋನು ಒತ್ತಿಕೊಂಡು ಬಂದ. "ಅತ್ತೆ, ಫೋಟೋ ಆಗಿಬಿಡ್ಲಿ, ಇದರ ಬಣ್ಣ ಅಲ್ಲಿಗೆ ಹೊಂದಲ್ಲ ಅಂತಿದಾರೆ. ಹತ್ತು ನಿಮಿಷ, ಆಮೇಲೆ ಹಾಕೋಣ" ಎಂದು ಕೌದಿಗೆ ಕೈ ಹಾಕಿದ.

"ಸೂಜಿ ಐತೆ ಕಣ್ಲಾ ಅದ್ರಾಗೆ, ಹುಷಾರು. ಎಲ್ಲೂ ಬಿಡಬ್ಯಾಡ, ರಶ್ಮಿ ಕೈಗೇ ಕೊಡು."

"ಆಯ್ತು ಅತ್ತೆ, ಆಯ್ತು" ಎಂದ. ಒಯ್ದವನು ಅದನ್ನು ವೇದಿಕೆಯ ಅಂಚಿನ ಕುರ್ಚಿಯ ಮೇಲೆ ಹಾಕಿ, ಮಾತಾಡುತ್ತ ಹೊರಗೆ ಹೋದ.

ಫೋಟೋದವರ ದೀಪದ ಕಂಬವೊಂದು ಆ ನುಣುಪು ನೆಲದಲ್ಲಿ ಜಾರುತ್ತಿತ್ತು. ದೀಪ ನೋಡಿಕೊಳ್ಳುತ್ತಿದ್ದವನು ಸುತ್ತ ನೋಡಿ, ಕುರ್ಚಿಯ ಮೇಲಿದ್ದ ಕೌದಿಯನ್ನು ಹಳೆಯ ಬಟ್ಟೆಯೆಂದುಕೊಂಡು ಎಳೆದು, ಮಡಚಿ, ಕಂಬದ ಕಾಲಿನಡಿ ತುರುಕಿದ. ನನ್ನ ಸೀರೆ, ತೀರಿಹೋದ ನನ್ನ ಯಜಮಾನರ ಪಂಚೆ, ಹಾಲಮ್ಮನವರದೇ ಒಂದು ಚೂರು, ಎಲ್ಲವೂ ಆ ಕಬ್ಬಿಣದ ಅಡಿಗೆ ಹೋದವು. ನಾನು ಎದ್ದು ನಿಲ್ಲುವಷ್ಟರಲ್ಲಿ ಅವನ ಅಂಗೈಗೆ ಸೂಜಿ ಚುಚ್ಚಿ, ಅವನು ಕೂಗಿಕೊಂಡು ಕೌದಿಯನ್ನು ಒದ್ದ. ತೊಟ್ಟಿಲು ವೇದಿಕೆಯ ಆ ತುದಿಯಲ್ಲಿತ್ತು, ಕಂಬ ಈ ತುದಿಯಲ್ಲಿತ್ತು. ಇದನ್ನು ಓದುವವರು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು.

ಫೋಟೋಗೆ ನೆಂಟರನ್ನು ಕರೆಯುತ್ತಿದ್ದ ಲಲಿತಮ್ಮನವರ ಕೈಯಲ್ಲಿ ಮೈಕಿತ್ತು. ಆ ಮೈಕಿನಲ್ಲಿಯೇ ಹೇಳಿದರು: "ಮಗು ಮಲಗೋ ತೊಟ್ಲಿಗೆ ಹಾಸೋದ್ರಲ್ಲಿ ಸೂಜಿ ಇಟ್ಕೊಂಡು ಬಂದಿದಾರಲ್ಲ, ಇವರಿಗೇನಾದ್ರೂ ಬುದ್ಧಿ ಇದೆಯಾ?"

ಇಡೀ ಮಂಟಪ ಹಾಲಮ್ಮನವರ ಕಡೆ ತಿರುಗಿತು. ಅವರು ವೇದಿಕೆ ಹತ್ತಿ, ದೀಪದವನ ಕೈ ಹಿಡಿದು ನೋಡಿದರು. "ನೋವಾಯ್ತೇನಪ್ಪಾ? ಒತ್ತಿ ಹಿಡ್ಕೋ, ನಿಲ್ತದೆ." ಆಮೇಲೆ ಕೌದಿಯನ್ನು ಎತ್ತಿ ಧೂಳು ಕೊಡವಿದರು. ಎಂಥವರಿಗೂ ಎದುರು ಮಾತು ಬಿಡದ ಹೆಂಗಸು ಅಂದು ಲಲಿತಮ್ಮನವರ ಕಡೆ ತಿರುಗಲಿಲ್ಲ. ಬಾಗಿಲಿಗೆ ಬಂದು ನಿಂತಿದ್ದ ಪ್ರಕಾಶನ ಮುಖವನ್ನು ನೋಡಿದರು. ಅವನು ಹೇಳುತ್ತಾನೆಂದು ಕಾದರು. ಅವನು ನೆಲ ನೋಡಿದ.

ನಾನು ಸುಮ್ಮನಿರಲಿಲ್ಲ. ಹಾಲಮ್ಮನವರು ನನ್ನೆದುರೇ ಅವನಿಗೆ ಎಚ್ಚರ ಹೇಳಿ ಕೊಟ್ಟದ್ದನ್ನು ಗಟ್ಟಿಯಾಗಿಯೇ ಹೇಳಿದೆ. ಲಲಿತಮ್ಮನವರು, "ನಿಮ್ಮನೆಯವರನ್ನ ನೀವು ಬಿಟ್ಟುಕೊಡ್ತೀರಾ? ಪ್ರಕಾಶ ಹೇಳ್ಲಿ, ಒಪ್ತೀನಿ" ಎಂದರು. ಪ್ರಕಾಶ, "ಆಯ್ತು ಬಿಡಮ್ಮ, ಇವತ್ತು ಯಾಕೆ ಜಗಳ" ಎಂದ. ಹೋಳಿಗೆಗೆ ಎರಡನೆಯ ಸಲ ತುಪ್ಪ ಹಾಕಿಸಿಕೊಳ್ಳದೆ ಯಾವ ಶುಭಕಾರ್ಯದಿಂದಲೂ ಎದ್ದವರಲ್ಲದ ಹಾಲಮ್ಮನವರು, ಅಂದು ಎಲೆಯ ಮುಂದೆ ಕೂರದೆ ಹಳೇಬೀಡಿನ ಬಸ್ಸು ಹತ್ತಿದರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಹಳೇಬೀಡಿನ ಮನೆಯಲ್ಲಿ, ಈ ಬೇಸಿಗೆಯ ಆರಂಭದಲ್ಲಿ. ಮಂಚದ ಮೇಲೆ ಮಲಗಿದ್ದರು. ಅವರು ಮಲಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಭುಜದಲ್ಲಿ ಸೂಜಿ ಇರಲಿಲ್ಲ. ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಹೊಲಿಯುತ್ತಲೇ ಇದ್ದವು. ನನ್ನನ್ನು ಕಂಡು ಮೊದಲು ಕೇಳಿದ್ದು:

"ಪ್ರಕಾಶ ಹೇಳ್ದನೇನೇ ಅವರ್ಗೆ?"

"ಹೇಳ್ತಾನೆ ಅತ್ತಿಗೆ" ಎಂದೆ.

"ಹೇಳ್ತನೆ ಬಿಡು. ಹತ್ತು ನಿಮಿಷ ಅಂದವ್ನೆ." ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ದಿಂಬಿನ ಕೆಳಗಿನಿಂದ ಕೌದಿ ತೆಗೆದು ನನ್ನ ಮಡಿಲಿಗೆ ತಳ್ಳಿದರು. ಸೂಜಿ ಆ ತೆರೆದ ಮೂಲೆಯಲ್ಲಿಯೇ ಇತ್ತು, ದಾರವೂ ಇತ್ತು. "ಆ ಮೂಲೆ ನೀನು ಹೊಲಿಬ್ಯಾಡ. ನಿನ್ ಹೊಲಿಗೆ ನಂಗೊತ್ತು."

ಆ ಬೈಗುಳವನ್ನೂ ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ಈಗ ಕೌದಿ ನನ್ನ ಬೀರುವಿನಲ್ಲಿದೆ. ಸೂಜಿಯನ್ನು ನಡುಮನೆಯ ಚೌಕಟ್ಟಿಗೆ ಚುಚ್ಚಿಟ್ಟಿದ್ದೇನೆ. ಫ್ಯಾನು ಹಾಕಿದರೆ ಕೆಂಪು ದಾರ ಅಲುಗುತ್ತದೆ. ನಾನು ಕೂತಲ್ಲಿ ಕೂರಲಾರದೆ ಎದ್ದು ಓಡಾಡುತ್ತೇನೆ. ಲಲಿತಮ್ಮನವರೇ, ನೀವು ಉಟ್ಟು ಮೆತ್ತಗಾದ ಒಂದು ಚೂರು ಬಟ್ಟೆಗಾಗಿ ಆ ಮೂಲೆ ಇನ್ನೂ ತೆರೆದೇ ಇದೆ. ರಶ್ಮಿ ಯಾವಾಗ ಬಂದರೂ ಸೂಜಿ ಕೈಗೆಟುಕುವ ಎತ್ತರದಲ್ಲಿಯೇ ಇದೆ. ಮತ್ತು ಪ್ರಕಾಶ, ಹಲ್ಲು ಬಂದ ಕೂಸಿನ ಅಳುವಿನಿಂದ ನಿನ್ನ ಸುಳ್ಳನ್ನು ಕಂಡುಹಿಡಿದವರು ಈಗ ಇಲ್ಲ. ಸೂಜಿ ಇದೆ ಹುಷಾರು ಎಂದು ಅವರು ಹೇಳಿ ಕೊಟ್ಟದ್ದನ್ನು ನೀನು ನಿನ್ನ ಮಾವನ ಮನೆಯವರಿಗೆ ಹೇಳಲು, ಇನ್ನೂ ಎಷ್ಟು ಹತ್ತು ನಿಮಿಷ ಬೇಕಪ್ಪಾ ನಿನಗೆ?